ಒಳಕೋಣೆಯ ತೊಲೆ

ನನ್ನ ಲೆಕ್ಕದ ಪ್ರಕಾರ ನಮ್ಮ ಮನೆ ಬಿದ್ದು ಬಹಳ ವರ್ಷಗಳಾಗಿರಬೇಕಿತ್ತು. ಕೂಡಿದ್ದನ್ನು ಮತ್ತೆ ಕೂಡಿದೆ, ಗುಣಿಸಿದ್ದನ್ನು ಮತ್ತೆ ಗುಣಿಸಿದೆ, ಕೊನೆಗೆ ಪೆನ್ನು ಬದಲಿಸಿಯೂ ನೋಡಿದೆ. ಉತ್ತರ ಜಪ್ಪಯ್ಯ ಅಂದರೂ ಕದಲಲಿಲ್ಲ. ಇಷ್ಟನ್ನೂ ಮಾಡುತ್ತಿದ್ದುದು ಅದೇ ಮನೆಯ ಪಡಸಾಲೆಯಲ್ಲಿ, ಕಂಬಕ್ಕೆ ಒರಗಿಕೊಂಡು, ಪಕ್ಕದಲ್ಲಿ ಚುರುಮುರಿಯ ತಟ್ಟೆ ಇಟ್ಟುಕೊಂಡು.

ಅಪ್ಪನಿಗೆ ಹೇಳಿದೆ. ಅವನು ಒಮ್ಮೆ ತಲೆಯೆತ್ತಿ ಮಾಳಿಗೆ ನೋಡಿದ, ಒಮ್ಮೆ ನನ್ನ ಹಾಳೆ ನೋಡಿದ.

"ಬಿದ್ದೈತಿ ಅಂತಿ. ಹಂಗಾರ ನಾವೆಲ್ಲಾ ಈಗ ಎಲ್ಲಿ ಕುಂತೇವವ್ವಾ?"

ಅಪ್ಪನ ತಾಯಿ, ನಮ್ಮ ಆಯಿ, ಅಡುಗೆಮನೆಯಿಂದಲೇ ನಕ್ಕಳು. "ಇದನ್ನ ಕಲಿಯಾಕ ಅಷ್ಟ ದೂರ ಹೋಗಿದ್ದೇನ ಈಕಿ?"

ನಾನಾಗ ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಾಳೆಗಳನ್ನು ಮಡಚಿಕೊಂಡು ಹಿತ್ತಲಿಗೆ ಹೋಗಿ ಕುಳಿತೆ. ನಗುವವರು ನಗಲಿ, ಲೆಕ್ಕದಲ್ಲಿ ತಪ್ಪಿಲ್ಲ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಆದರೆ ಮನೆ ಬಿದ್ದಿಲ್ಲ ಎನ್ನುವುದೂ ಕಣ್ಣೆದುರಿಗೇ ಇತ್ತಲ್ಲ.

ಪ್ರಾಜೆಕ್ಟಿಗೆ ನಾನು ನಮ್ಮ ಮನೆಯನ್ನೇ ಆರಿಸಿಕೊಂಡದ್ದು ಶುದ್ಧ ಸೋಮಾರಿತನದಿಂದ. ಗೆಳತಿಯರು ಕಂಪ್ಯೂಟರಿನಲ್ಲಿ ದೊಡ್ಡ ದೊಡ್ಡ ಸೇತುವೆ ಕಟ್ಟುತ್ತಿದ್ದರು. ನಿಮ್ಮ ಊರಿನದೇ ಏನಾದರೂ ತೆಗೆದುಕೊಳ್ಳಿ ಎಂದು ನಮ್ಮ ಸರ್ ಹೇಳಿದಾಗ, ರಜೆಯಲ್ಲಿ ಬೆಳವಣಕಿಯ ಮನೆಯಲ್ಲಿ ಕುಳಿತು ಆಯಿಯ ಕೈಯ ರೊಟ್ಟಿ ತಿನ್ನುತ್ತಾ ಪ್ರಾಜೆಕ್ಟ್ ಮುಗಿಸಬಹುದು ಎಂದು ನನಗೆ ಹೊಳೆಯಿತು. ಮಣ್ಣಿನ ಮಾಳಿಗೆಯ ಮನೆ, ಹಳೆಯ ತೊಲೆಗಳು, ತೊಲೆಯ ಮೇಲೆ ಸಾಲಾಗಿ ಹೊಂದಿಸಿದ ಸಣ್ಣ ಮರಗಳ ಜಂತೆ, ಜಂತೆಯ ಮೇಲೆ ಮಣ್ಣು. ಭಾರ ಎಷ್ಟು, ತೊಲೆ ತಡೆಯುವುದು ಎಷ್ಟು. ಹದಿನೈದು ಪುಟ ತುಂಬಿಸಲು ಇಷ್ಟು ಸಾಕು ಅನ್ನಿಸಿತ್ತು.

ನಮ್ಮ ಕಡೆ ಮೃಗಶಿರದ, ನಮ್ಮ ಬಾಯಲ್ಲಿ ಮಿರಗದ, ಮಳೆಗೆ ಮುಂಚೆ ಮಾಳಿಗೆಗೆ ಕರ್ಲು ಹಾಕುತ್ತಾರೆ. ಕರ್ಲು ಅಂದರೆ ಒಂದು ಬಗೆಯ ಉಪ್ಪು ಮಣ್ಣು, ನೀರನ್ನು ಕೆಳಗೆ ಬಿಡುವುದಿಲ್ಲ. ಹಳ್ಳದ ದಂಡೆಯಿಂದ ತಂದು, ಹರವಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ನಮ್ಮ ಮನೆಯಲ್ಲಿ ಈ ಕೆಲಸದ ಯಜಮಾನಿಕೆ ಆಯಿಯದು. ಸೊಸೆಯಾಗಿ ಬಂದ ವರ್ಷದಿಂದ ಒಂದು ಬೇಸಿಗೆಯೂ ತಪ್ಪಿಸಿದವಳಲ್ಲ. ಹೊಸ ಮಣ್ಣು ಬೀಳುವುದು ಹಳೆಯದರ ಮೇಲೆಯೇ. ಹಳೆಯದನ್ನು ತೆಗೆಯುವ ಮಾತು ಊರಿನಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಮಾಳಿಗೆ ದಪ್ಪ ಇದ್ದಷ್ಟೂ ಮನೆ ತಂಪು, ಮನೆತನಕ್ಕೆ ಮಾನ. ಹೆಣ್ಣು ನೋಡಲು ಬಂದವರು ಕೂಡ ಸೂರಿನ ಅಂಚಿನಲ್ಲಿ ಮಣ್ಣಿನ ದಪ್ಪ ನೋಡಿಕೊಂಡು ಹೋಗುತ್ತಿದ್ದರು ಎಂದು ಆಯಿ ಹೇಳುತ್ತಿದ್ದಳು. ಆ ವರ್ಷದ ಕರ್ಲು ಆಗಲೇ ಅಂಗಳಕ್ಕೆ ಬಂದು ಬಿದ್ದಿತ್ತು.

ಅದೇ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುತ್ತಾ ಬಂದಿತ್ತು. ಹೆರಿಗೆ ರೋಣದ ದವಾಖಾನೆಯಲ್ಲಿ, ಬಾಣಂತನ ಮನೆಯ ಒಳಕೋಣೆಯಲ್ಲಿ ಎಂದು ತೀರ್ಮಾನವಾಗಿತ್ತು. ಕಿಟಕಿಯಿಲ್ಲದ, ಗಾಳಿ ಹೊಗದ ಕೋಣೆ ಅದು. ಆಯಿಯ ಬಾಣಂತನಗಳೆಲ್ಲ ಅಲ್ಲೇ, ಅವ್ವನವೂ ಅಲ್ಲೇ. ಅವ್ವ ಅದನ್ನು ಸಾರಿಸಿ, ಮಂಚ ಹಾಕಿ, ಕಾಸುವ ಅಗ್ಗಿಷ್ಟಿಕೆಯನ್ನೂ ತೊಳೆದಿಟ್ಟಿದ್ದಳು.

ಹಿತ್ತಲಿನಲ್ಲಿ ಕುಳಿತು ಸರ್‌ಗೆ ಫೋನ್ ಮಾಡಿದೆ. ನಮ್ಮ ಸರ್ ಕೂಡ ಈ ಕಡೆಯವರೇ. ಪಾಠ ಮಾಡುವಾಗ ಪುಸ್ತಕದ ಭಾಷೆ, ಫೋನಿನಲ್ಲಿ ಮನೆಯ ಭಾಷೆ.

"ಲೆಕ್ಕದಾಗ ಮಿತಿ ದಾಟೇತಿ ಅಂದ್ರ ಬೀಳ್ತೈತಿ ಅಂತ ಅಲ್ಲ. ಅದು ನಾವು ಹುಷಾರಿಗೆ ಹಾಕ್ಕೊಂಡ ಗೆರಿ. ಆ ಗೆರಿ ದಾಟಿ ನಿಂತ ಮನಿ ಊರ ತುಂಬ ಅದಾವ. ಮಣ್ಣ ಎಷ್ಟ ದಪ್ಪ ಐತಿ, ಅಳದಿ ಏನ?"

"ಇಲ್ಲರಿ ಸರ್. ಅಸ್ಯೂಮ್ ಮಾಡೇನಿ."

"ತೊಲಿ ಎಷ್ಟ ಬಾಗೇತಿ?"

"ಅಳದಿಲ್ಲರಿ."

"ಮತ್ತ ಮನ್ಯಾಗ ಕುಂತು ಏನ್ ಮಾಡಾಕತ್ತಿ?"

ಚುರುಮುರಿ ತಿನ್ನುತ್ತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಅಳೆಯುವುದು ಹೇಗೆ ಎನ್ನುವುದು ಮಾತ್ರ ನನಗೆ ಗೊತ್ತಿತ್ತು. ಹಿಂದಿನ ರಜೆಯಲ್ಲಿ ತರಬೇತಿಯೆಂದು ನರಗುಂದದ ಒಂದು ಕಟ್ಟಡದ ಕೆಲಸಕ್ಕೆ ಹೋಗಿದ್ದೆ. ಗುಡ್ಡದ ಬುಡದಲ್ಲಿ ಕೆಲಸ ನಡೆದಿತ್ತು. ಕಾಲೇಜಿನ ಹುಡುಗಿ ಎಂದು ಅವರು ನನಗೆ ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿ, ಹೊತ್ತು ಹೊತ್ತಿಗೆ ಚಹಾ ಕೊಟ್ಟು, ಸಂಜೆ ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬರುತ್ತಿದ್ದರು. ಮದುವೆಗೆ ಬಂದ ಬೀಗಿತ್ತಿಗೂ ಅಷ್ಟು ಉಪಚಾರ ಸಿಗುವುದಿಲ್ಲ. ಒಂದು ದಿನ ಆಳು ಕಡಿಮೆಯಾಗಿ, ಮಟ್ಟ ನೋಡುವ ಪೈಪಿನ ಒಂದು ತುದಿಯನ್ನು ಗೋಡೆ ಕಟ್ಟುವ ಗೌಂಡಿ ನನ್ನ ಕೈಗೆ ಕೊಟ್ಟ. ನೀರು ಕಾಣುವಂಥ ಉದ್ದನೆಯ ಪೈಪು. ಅದರಲ್ಲಿ ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿದರೆ, ನಡುವೆ ಎಷ್ಟು ಗೋಡೆ ಬಂದರೂ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪುಸ್ತಕದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೂ ಕೈಯಲ್ಲಿ ಹಿಡಿದಾಗ ನೀರು ಓಲಾಡಿ ಓಲಾಡಿ ನಿಂತದ್ದು ನೋಡಿ ಮಗುವಿನಂತೆ ಖುಷಿಯಾಗಿತ್ತು. ತರಬೇತಿ ಮುಗಿಯುವ ತನಕ ಆ ಪೈಪನ್ನು ಇನ್ನೊಬ್ಬರಿಗೆ ಕೊಡಲಿಲ್ಲ.

ಮನೆಯಲ್ಲಿ ಅಂಥ ಪೈಪು ಇದ್ದದ್ದು ಒಂದೇ, ಟ್ರ್ಯಾಕ್ಟರಿಗೆ ಡೀಸೆಲ್ ಇಳಿಸುವುದು. ಸೋಪಿನ ನೀರು ಹಾಕಿ ತೊಳೆದೆ. ವಾಸನೆ ಹೋಗಲಿಲ್ಲ. ಬಾಣಂತಿ ಕೋಣೆಗೆ ಡೀಸೆಲ್ ವಾಸನೆ ಹಿಡಿಸಿದೆನೆಂದು ಆಯಿ ಬೈದಳು. ಪೈಪಿನ ಇನ್ನೊಂದು ತುದಿ ಹಿಡಿಯಲು ಸಿಕ್ಕವಳು ಅಕ್ಕ. ತುಂಬಿದ ಹೊಟ್ಟೆಯ ಮೇಲೆ ಒಂದು ಕೈ, ಪೈಪಿನ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಳು.

"ಅಳ್ಳಾಡಬ್ಯಾಡಬೇ, ನೀರ ನಿಂದ್ರವಲ್ದು."

"ನಾ ಏನ್ ಅಳ್ಳಾಡವಲ್ಲೆ. ಒಳಗಿಂದು ಅಳ್ಳಾಡಾಕತ್ತೈತಿ."

ಇಬ್ಬರೂ ನಕ್ಕು ನೀರು ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಗೋಡೆಗಳ ಮೇಲೆ ಇದ್ದಲಿನಿಂದ ಒಂದೇ ಮಟ್ಟದ ಗುರುತು ಹಾಕಿದೆವು. ಆ ಗುರುತಿನಿಂದ ಪ್ರತಿಯೊಂದು ತೊಲೆ ಎಷ್ಟು ಎತ್ತರದಲ್ಲಿದೆ ಎಂದು ನಾನು ಸ್ಟೂಲು ಹತ್ತಿ ಟೇಪು ಹಿಡಿದೆ, ಈ ತುದಿ, ನಡು, ಆ ತುದಿ ಎಂದು. ಆಮೇಲೆ ಮಾಳಿಗೆ ಹತ್ತಿ, ಆಯಿ ಕಾಣದ ಹೊತ್ತು ನೋಡಿ, ಹಾರೆಯಿಂದ ಒಂದು ಸಣ್ಣ ತೂತು ತೋಡಿದೆ. ನಾನು ಹಾಳೆಯ ಮೇಲೆ ಮಣ್ಣನ್ನು ಒಂದು ಗೇಣು ಎಂದು ಹಿಡಿದಿದ್ದೆ. ಇದ್ದದ್ದು ಒಂದು ಮೊಳಕ್ಕೂ ಹೆಚ್ಚು. ತೊಲೆಗಳನ್ನು ಬೇವು ಎಂದುಕೊಂಡಿದ್ದೆ. ಅಪ್ಪನನ್ನು ಕೇಳಿದರೆ, "ಅದು ಸಾಗವಾನಿ, ನಿಮ್ಮ ಮುತ್ತ್ಯಾ ಗಾಡಿ ಹೂಡಿ ತಂದಿದ್ದ" ಎಂದ. ಕಣ್ಣಳತೆಯಲ್ಲಿ ಹಿಡಿದುದಕ್ಕಿಂತ ಅವು ದಪ್ಪವೂ ಇದ್ದವು. ಅಂದರೆ ನನ್ನ ಲೆಕ್ಕದಲ್ಲಿ ಗುಣಾಕಾರ ಒಂದು ಬಿಟ್ಟು ಬೇರೆ ಯಾವುದೂ ಸರಿ ಇರಲಿಲ್ಲ.

ಸರಿಯಾದ ಅಳತೆ ಹಾಕಿ ತೊಲೆಗಳು ಎಷ್ಟು ಬಾಗಿರಬೇಕು ಎಂದು ಸೂತ್ರದಿಂದ ತೆಗೆದೆ. ನಾನು ಟೇಪು ಹಿಡಿದು ಬರೆದುಕೊಂಡದ್ದಕ್ಕೂ ಅದಕ್ಕೂ ಹೆಚ್ಚುಕಡಿಮೆ ತಾಳೆಯಾಯಿತು. ನಾಲ್ಕು ವರ್ಷ ಬಾಯಿಪಾಠ ಮಾಡಿದ ಒಂದು ಸೂತ್ರ, ನಮ್ಮ ಪಡಸಾಲೆಯ ಕರಿಹಿಡಿದ ತೊಲೆಯ ಮಾತನ್ನೇ ಆಡುತ್ತಿತ್ತು. ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತು. ಇದನ್ನು ಕ್ಲಾಸಿನಲ್ಲಿ ಯಾಕೆ ಯಾರೂ ಹೇಳಲಿಲ್ಲ ಎಂದು ಸಿಟ್ಟೂ ಬಂತು. ಹೇಳಿರಬಹುದು, ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ತಾಳೆಯಾಗದೆ ಉಳಿದದ್ದು ಒಂದೇ, ಒಳಕೋಣೆಯ ತೊಲೆ. ಅದರ ನಡು ಬಾಗಿದ್ದು ಸರಿಯಾಗೇ ಇತ್ತು. ಆದರೆ ಹಿತ್ತಲ ಕಡೆಯ ತುದಿ ಇನ್ನೊಂದು ತುದಿಗಿಂತ ನಾಲ್ಕು ಬೆರಳು ಕೆಳಗಿತ್ತು. ಪೈಪಿನಲ್ಲಿ ಗಾಳಿ ಸೇರಿದೆಯೇನೋ ಎಂದು ಮತ್ತೆ ನೀರು ತುಂಬಿ ಅಳೆದೆ. ಅಷ್ಟೇ ಬಂತು.

ಪುಸ್ತಕದಲ್ಲಿ ತೊಲೆಯ ಚಿತ್ರ ಬರೆದು ಎರಡೂ ತುದಿಯ ಕೆಳಗೆ ಒಂದೊಂದು ಚಿಕ್ಕ ತ್ರಿಕೋನ ಹಾಕಿರುತ್ತಾರೆ, ಆಧಾರ ಎಂದು ತೋರಿಸಲು. ಆ ತ್ರಿಕೋನ ಯಾವತ್ತೂ ಕುಸಿಯುವುದಿಲ್ಲ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಹಿತ್ತಲ ಬಚ್ಚಲಿನ ಪಸೆ ಏರುವುದಿಲ್ಲ. ನಮ್ಮ ತೊಲೆಯ ತಗ್ಗಿದ ತುದಿ ಇದ್ದದ್ದು ಆ ಬಚ್ಚಲಿನ ಪಕ್ಕದ ಗೋಡೆಯೊಳಗೆ, ಅಕ್ಕನಿಗೆ ಮಂಚ ಹಾಕಿದ್ದು ಸರಿಯಾಗಿ ಅದರ ಕೆಳಗೆ.

ಸಂಜೆ ಎಲ್ಲರೂ ಚಹಾ ಕುಡಿಯುವಾಗ ಹೇಳಿದೆ. ಆ ತುದಿ ಗೋಡೆಯೊಳಗೆ ಕೊಳೆತಿರಬೇಕು, ಮೇಲಿನ ಮಣ್ಣು ತೆಗೆದು ಬಿಚ್ಚಿ ನೋಡಬೇಕು, ಅಲ್ಲಿಯ ತನಕ ಅಕ್ಕ ಅಲ್ಲಿ ಮಲಗುವುದು ಬೇಡ.

ಅಪ್ಪ ಈ ಸಲ ನಗಲಿಲ್ಲ. "ಕಟ್ಟುವಾಗನ ಹಂಗ ಇಳಜಾರ ಇಟ್ಟಿರ್ಬೇಕು. ನೀರ ಹಿತ್ತಲ ಕಡಿಗೆ ಹರೀಲಿ ಅಂತ."

ಇಟ್ಟಿರಲೂಬಹುದು. ಹಾಗಿದ್ದರೆ ಗಟ್ಟಿಮುಟ್ಟಾದ ಮಾಳಿಗೆಯನ್ನು ಮಿರಗದ ಮಳೆಯ ಬಾಯಲ್ಲಿ ಬಿಚ್ಚಿಸಿ, ಹಸಿ ಬಾಣಂತಿಯ ತಲೆಯ ಮೇಲೆ ನೀರು ಸುರಿಸಿದ ಕೀರ್ತಿ ನನಗೆ ಬರುತ್ತಿತ್ತು. ಲೆಕ್ಕ ನನಗೆ ಆ ತೊಲೆ ಉಳಿದವುಗಳಂತಿಲ್ಲ ಎಂದಷ್ಟೇ ಹೇಳಿತ್ತು. ಯಾಕೆ ಎಂದು ಹೇಳಿರಲಿಲ್ಲ.

ಆಯಿಗೆ ಮಾತ್ರ ಇದು ತೊಲೆಯ ವಿಷಯವೇ ಆಗಿರಲಿಲ್ಲ. "ನಾ ಹಾಕಿದ ಮಣ್ಣ ತಗೀತಾಳಂತ. ನನ್ನ ಬಾಣಂತನ ಎಲ್ಲಾ ಅಲ್ಲೇ ಆಗ್ಯಾವ. ನಿಮ್ಮಪ್ಪ ಅಲ್ಲೇ ಬೆಳದಾನ. ಯಾರಿಗೆ ಏನಾಗೇತಿ?"

"ಅವಾಗ ಇಷ್ಟ ಮಣ್ಣ ಇರಲಿಲ್ಲ ಆಯಿ."

"ಅಂದ್ರ ಮಣ್ಣ ಹಾಕಿದ್ದ ನನ್ನ ತಪ್ಪೇನ?"

ನಾನು ಹೌದು ಎನ್ನುವಷ್ಟು ಸಿಟ್ಟಿನಲ್ಲಿದ್ದೆ. ಅವ್ವ ಕಣ್ಣಿನಲ್ಲೇ ತಡೆದಳು. ಆಯಿ ಎದ್ದು ಒಳಗೆ ಹೋದಳು, ಚಹಾದ ಬಟ್ಟಲು ಅರ್ಧಕ್ಕೇ ಬಿಟ್ಟು.

ಮುಂದೆ ಕೆಲವು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಎಲ್ಲರಿಗಿಂತ ಹೆಚ್ಚು ಕೆಟ್ಟದ್ದು ಅಕ್ಕನ ಸ್ಥಿತಿ. ನನ್ನ ಮಾತು ಅವಳ ತಲೆಯೊಳಗೆ ಹೊಕ್ಕಿತ್ತು. ಪಡಸಾಲೆಯಲ್ಲಿ ಮಲಗಿದರೂ ಕಣ್ಣು ಮಾಳಿಗೆಗೇ. ಮಧ್ಯಾಹ್ನ ನಾನು ಹೋಗಿ ನೋಡಿದರೆ ಅಂಗಾತ ಮಲಗಿ ತೊಲೆ ನೋಡುತ್ತಿರುತ್ತಿದ್ದಳು. ಇಲಿ ಓಡಿ ಒಂದಿಷ್ಟು ಮಣ್ಣು ಉದುರಿದರೆ ಎದ್ದು ಕುಳಿತುಬಿಡುತ್ತಿದ್ದಳು. ಅಂಥ ದಿನಗಳಲ್ಲಿ ಅವಳ ನಿದ್ದೆ ಕೆಡಿಸಿದ ನನ್ನ ಎಂಜಿನಿಯರಿಂಗಿಗೆ ಬೆಂಕಿ ಬೀಳಲಿ ಅನ್ನಿಸುತ್ತಿತ್ತು.

ಕೊನೆಗೆ ಬಾಯಿ ಬಿಟ್ಟವಳು ಅಕ್ಕನೇ. ಆಯಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

"ಆಯಿ, ಈಕಿ ಹೇಳಿದ್ದು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಆದ್ರ ಬಿಚ್ಚಿ ನೋಡದ ನನಗ ಅಲ್ಲಿ ನಿದ್ದಿ ಹತ್ತೂದಿಲ್ಲ. ಕೂಸಿನ್ನ ಬಗಲಾಗ ಹಾಕ್ಕೊಂಡು ನಾ ಮ್ಯಾಲ ನೋಡ್ಕೋತ ಹ್ಯಾಂಗ ಮಲಗ್ಲಿ?"

ಆಯಿ ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿ ಅಕ್ಕನ ಜಡೆ ಹೆಣೆದಳು. ಆಮೇಲೆ ನನ್ನ ಕಡೆ ತಿರುಗದೆ ನನಗೆ ಹೇಳಿದಳು. "ಆತು, ತಗಿಸು. ಮಳಿ ಬಂತಂದ್ರ ತಾಡಪತ್ರಿ ಹಿಡಕೊಂಡು ನೀನ ನಿಂದ್ರಬೇಕು."

ಮರುದಿನ ಬೆಳಿಗ್ಗೆ ಅಪ್ಪ ಇಬ್ಬರು ಆಳುಗಳನ್ನು ಕರೆದುಕೊಂಡು ಮಾಳಿಗೆ ಹತ್ತಿದ. ಒಳಕೋಣೆಯ ಮೇಲಿನ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಹಿತ್ತಲಿಗೆ ಸುರಿದರು. ಬೂದುಬಣ್ಣದ ಪದರಗಳು ಒಂದರ ಕೆಳಗೊಂದು ಕಾಣತೊಡಗಿದವು. ಒಂದು ಪದರದಲ್ಲಿ ಬಳೆಚೂರು, ಇನ್ನೊಂದರಲ್ಲಿ ಒಂದು ಗಾಜಿನ ಗೋಲಿ. ಅಪ್ಪ ಅದನ್ನು ಒರೆಸಿ ನೋಡಿ ಕಿಸೆಗೆ ಹಾಕಿಕೊಂಡ. ಆಯಿ ಕೆಳಗೆ ಕಟ್ಟೆಯ ಮೇಲೆ ಬೆನ್ನು ಮಾಡಿ ಕುಳಿತಿದ್ದಳು. ಪ್ರತಿ ಬುಟ್ಟಿ ಬಿದ್ದಾಗಲೂ ಅವಳ ಹೆಗಲು ಸ್ವಲ್ಪ ಅಲುಗುತ್ತಿತ್ತು. ನನಗೆ ಪಾಪ ಅನ್ನಿಸಿತು, ಆದರೆ ನಿಲ್ಲಿಸಿ ಎನ್ನಲಿಲ್ಲ. ಆಕಾಶದಲ್ಲಿ ಗಜೇಂದ್ರಗಡದ ಕಡೆಯಿಂದ ಮೋಡಗಳು ಕವಿದು ಬರುತ್ತಿದ್ದವು.

ಜಂತೆ ಸರಿಸಿ, ಗೋಡೆಯ ತಲೆಯ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸಿದಾಗ ತೊಲೆಯ ತುದಿ ಕಾಣಿಸಿತು. ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ. ಕರಿಬಣ್ಣ, ಉಳಿಯ ಗುರುತು, ಎಲ್ಲ ಹಾಗೇ. ಅಪ್ಪ ಹೇಳಿದ ಇಳಿಜಾರೇ ನಿಜವೇನೋ ಅನ್ನಿಸಿತು. ಅಪ್ಪ ಬಗ್ಗಿ ಹೆಬ್ಬೆಟ್ಟಿನಿಂದ ಒತ್ತಿದ. ಹೆಬ್ಬೆಟ್ಟು ಒಳಗೆ ಹೋಯಿತು. ಇನ್ನೂ ಒತ್ತಿದರೆ ಇಡೀ ಕೈ ಹೋಯಿತು. ಹೊರಗಿನ ತೊಗಟೆಯಂಥ ತೆಳು ಪದರ ಒಂದು ಬಿಟ್ಟರೆ ಒಳಗೆ ಹಿಟ್ಟು, ಗೆದ್ದಲಿನ ಮಣ್ಣು. ತೊಲೆ ನಿಂತಿದ್ದು ಪಕ್ಕದ ಒಂದು ಕಲ್ಲು ಜಾರಿ ಅದಕ್ಕೆ ತಾಗಿಕೊಂಡಿತ್ತು ಎನ್ನುವ ಕಾರಣಕ್ಕೆ. ಆ ಕಲ್ಲನ್ನು ಯಾರೂ ಇಟ್ಟಿರಲಿಲ್ಲ.

ಅಪ್ಪ ಕೈ ಹೊರಗೆ ತೆಗೆದು, ಅಂಗೈ ನೋಡಿಕೊಳ್ಳುತ್ತಾ ಅಲ್ಲೇ ಕುಳಿತುಬಿಟ್ಟ. ಗೆದ್ದಲು ನೋಡಿ ಸಂತೋಷಪಟ್ಟವರು ರೋಣ ತಾಲೂಕಿನಲ್ಲಿ ನನ್ನಂಥವರು ಬೇರೆ ಯಾರೂ ಇರಲಿಕ್ಕಿಲ್ಲ. ಮೊದಲು ಬಂದದ್ದು ಸಂತೋಷವೇ, ನನ್ನ ಮಾತು ನಿಜವಾಯಿತಲ್ಲ ಎಂದು. ಮರುಕ್ಷಣ ಕೆಳಗಿನ ಮಂಚ ಕಾಣಿಸಿತು. ನಾನೂ ಮಣ್ಣಿನ ಮೇಲೆ ಕುಳಿತು ಅತ್ತೆ. ಹೆದರಿಕೆಯ ಅಳು ಅಲ್ಲ ಅದು. ಹೆದರಿಕೆ ಇಳಿದು ಹೋಗುವಾಗಿನ ಅಳು.

ಆಯಿ ಯಾವಾಗ ನಿಚ್ಚಣಿಕೆ ಹತ್ತಿದಳೋ ತಿಳಿಯಲಿಲ್ಲ. ತೊಲೆಯ ತೂತಿನಲ್ಲಿ ಕೈ ಹಾಕಿ ಒಂದು ಹಿಡಿ ಹಿಟ್ಟು ತೆಗೆದಳು. "ಇದರ ಕೆಳಗ ನನ್ನ ಮೊಮ್ಮಗಳನ್ನ ಮಲಗಸ್ತಿದ್ನೆಲ್ಲ" ಎಂದಳು. ಆಮೇಲೆ ನನ್ನ ಕಡೆ ನೋಡಿದಳು. "ಪಡಸಾಲಿ ತೊಲಿ ಹ್ಯಾಂಗ ಅದಾವ?"

"ಅವು ಚಲೋ ಅದಾವ ಆಯಿ. ಮ್ಯಾಲಿನ ಅರ್ಧ ಮಣ್ಣ ತಗದ್ರ ಸಾಕು. ಉಳದದ್ದು ನೀ ಹಾಕಿದ್ದ ಇರಲಿ."

ಅಂದೇ ಮಧ್ಯಾಹ್ನ ಅಪ್ಪ ಮತ್ತು ನಾನು ಗಜೇಂದ್ರಗಡಕ್ಕೆ ಹೋದೆವು. ಹಳೆಯ ಮನೆ ಕೆಡವಿದ ಕಟ್ಟಿಗೆ ಮಾರುವ ಸಾಹೇಬರೊಬ್ಬರು ಅಪ್ಪನಿಗೆ ಪರಿಚಯ. ನಾನು ಬೇಕಾದ ದಪ್ಪವನ್ನು ಲೆಕ್ಕ ಹಾಕಿ ಒಯ್ದಿದ್ದೆ. ಅವರು ಹಾಳೆ ನೋಡಿ, "ಈ ಸೈಜಿಂದು ಇಲ್ಲವ್ವಾ. ಇದ್ದದ್ದ ನೋಡ್ರಿ, ಆಮ್ಯಾಲ ನಿಮ್ಮ ಲೆಕ್ಕ ತಿದ್ದರಿ" ಎಂದರು. ಇದ್ದದ್ದು ಅದಕ್ಕಿಂತ ಸಣ್ಣ ತೊಲೆಗಳು. ಅಲ್ಲೇ ಕಟ್ಟಿಗೆಯ ರಾಶಿಯ ಮೇಲೆ ಕುಳಿತು ಎರಡನ್ನು ಜೋಡಿಸಿ ಹಾಕಿದರೆ ಹೇಗೆ ಎಂದು ಮತ್ತೆ ಲೆಕ್ಕ ಮಾಡಿದೆ. ಸಾಕಾಗುತ್ತಿತ್ತು. ತುದಿಗಳನ್ನು ನಾನೇ ತಟ್ಟಿ, ಸಪ್ಪಳ ಕೇಳಿ, ಮೊಳೆಯಿಂದ ಚುಚ್ಚಿ ನೋಡಿ ಆರಿಸಿದೆ. ಅಪ್ಪ ದೂರ ನಿಂತು ನೋಡುತ್ತಿದ್ದ. ಹಿಂದಿರುಗುವಾಗ ಟ್ರ್ಯಾಕ್ಟರಿನ ಗದ್ದಲದಲ್ಲಿ ಅವನು ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಕೇಳಿದರೆ "ಏನಿಲ್ಲ" ಎಂದ.

ಹೊಸ ತೊಲೆಗಳ ತುದಿಗೆ ಕಲ್ಲಿನ ದಿಂಬು ಕೊಟ್ಟು ಕೂರಿಸಿದೆವು. ಮೇಲೆ ಒಂದು ಗೇಣಿನಷ್ಟೇ ಕರ್ಲು. ಅದನ್ನು ತುಳಿದವಳು ಆಯಿಯೇ. ಮುಂದೆ ಪ್ರಾಜೆಕ್ಟಿನ ಪರೀಕ್ಷೆಗೆ ಹೊರಗಿನಿಂದ ಬಂದವರು, ಅಳತೆಗೆ ಯಾವ ಉಪಕರಣ ಬಳಸಿದ್ದೀರಿ ಎಂದು ಕೇಳಿದರು. ಡೀಸೆಲ್ ಪೈಪು ಸರ್ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬಂದ ಅಂಕ ಅಷ್ಟಕ್ಕಷ್ಟೇ.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ರೋಣದಿಂದ ಕರೆತಂದು ಒಳಕೋಣೆಗೆ ಒಯ್ದೆವು. ಮಿರಗದ ದೊಡ್ಡ ಮಳೆ ಬಿದ್ದದ್ದು ಆಮೇಲೆ ಒಂದು ಮಧ್ಯಾಹ್ನ. ಗುಡುಗು ಸಿಡಿಲು ಸಮೇತ ಸುರಿಯಿತು. ಅಂಗಳ ಹಳ್ಳವಾಯಿತು. ನಾನು ಕೂತಲ್ಲಿ ಕೂರಲಾರದೆ ಒಳಕೋಣೆಗೆ ಹೋಗುವುದು, ಹೊಸ ತೊಲೆಗಳ ತುದಿ ನೋಡುವುದು, ಗೋಡೆ ಮುಟ್ಟಿ ಪಸೆ ಇದೆಯೇ ಎಂದು ನೋಡುವುದು, ಹೊರಗೆ ಬರುವುದು, ಮತ್ತೆ ಹೋಗುವುದು. ಲೆಕ್ಕ ನನ್ನದು, ಕಟ್ಟಿಗೆ ಆರಿಸಿದ್ದು ನಾನು. ಏನಾದರೂ ಆದರೆ ಎನ್ನುವ ಹೆದರಿಕೆ ಪುಸ್ತಕ ಓದುವಾಗ ನನಗೆ ಒಮ್ಮೆಯೂ ಆಗಿದ್ದಿಲ್ಲ.

"ಎಷ್ಟ ಸಲ ಬರ್ತಿ? ಗಾಳಿ ಬರತೈತಿ, ಬಾಗಲಾ ಹಾಕು" ಎಂದಳು ಅಕ್ಕ. ಮಗುವನ್ನು ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಈಕಿನ್ನ ಹಿಡಿ. ನನಗ ಭಾಳ ನಿದ್ದಿ ಬಂದೈತಿ."

ನಾನು ತೊಲೆಯ ಕೆಳಗೆ ಮಗುವನ್ನು ಹಿಡಿದುಕೊಂಡು ಕುಳಿತೆ. ಮಾಳಿಗೆಯ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಅಕ್ಕ ಕೌದಿ ಎಳೆದುಕೊಂಡು ಗೋಡೆಯ ಕಡೆ ಹೊರಳಿ ನಿದ್ದೆ ಹೋದಳು. ಒಮ್ಮೆಯೂ ಮೇಲೆ ನೋಡಲಿಲ್ಲ.